ನಾಣ್ಯದ ಮೇಲೆ ಎರಡು ಭಾಷೆ: ಪೋಲಿಷ್ ಮತ್ತು ಹೀಬ್ರೂ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ವಾಣಿಜ್ಯ ವಿಭಾಗದವರಿಗೆ ಭಾಷೆಗಳ ಹೋಲಿಕೆ ಏಕೆ ಬೇಕು ಎಂದು ಕೆಲವರು ಕೇಳಬಹುದು. ಆದ್ದರಿಂದ ಹಣದಿಂದಲೇ ಆರಂಭಿಸುತ್ತೇನೆ. 12ನೇ ಶತಮಾನದ ಉತ್ತರಾರ್ಧದಲ್ಲಿ ಪೋಲೆಂಡಿನಲ್ಲಿ ಮೂರನೆಯ ಮ್ಯೆಶ್ಕೊ ಎಂಬ ದೊರೆಯಿದ್ದ. ಆ ಕಾಲದ ಕೆಲವು ಬೆಳ್ಳಿ ನಾಣ್ಯಗಳು ಇಂದಿಗೂ ಉಳಿದಿವೆ. ಕಾಗದದಷ್ಟು ತೆಳ್ಳಗಿನ ನಾಣ್ಯ, ಒಂದೇ ಬದಿಯಲ್ಲಿ ಒತ್ತಿದ ಮುದ್ರೆ. ಟಂಕಸಾಲೆಯ ಕೆಲಸ ಯಹೂದಿಗಳ ಕೈಯಲ್ಲಿದ್ದುದರಿಂದ ಅದರ ಮೇಲಿನ ಬರಹ ಹೀಬ್ರೂ ಲಿಪಿಯಲ್ಲಿದೆ, ಬಲದಿಂದ ಎಡಕ್ಕೆ. ಆದರೆ ಆ ಅಕ್ಷರಗಳನ್ನು ಕೂಡಿಸಿ ಓದಿದರೆ ಬರುವುದು ಹೀಬ್ರೂ ಅಲ್ಲ, ಪೋಲಿಷ್! 'ಮ್ಯೆಶ್ಕೊ, ಪೋಲೆಂಡಿನ ರಾಜ' ಎಂದು ಅರ್ಥ.

ಪೋಲಿಷ್ ಭಾಷೆಯ ಮೊದಲ ಪೂರ್ಣ ವಾಕ್ಯ ಎಂದು ಎಲ್ಲರೂ ತೋರಿಸುವುದು ಸುಮಾರು 1270ರಲ್ಲಿ ಹೆನ್ರಿಕುಫ್ ಎಂಬ ಊರಿನ ಕ್ರೈಸ್ತ ಮಠದ ಲ್ಯಾಟಿನ್ ಗ್ರಂಥದೊಳಗೆ ಸಿಕ್ಕ ಒಂದು ಸಾಲನ್ನು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಡತಿಗೆ ಗಂಡ, ನಾನು ಬೀಸುತ್ತೇನೆ, ನೀನು ಸ್ವಲ್ಪ ಸುಧಾರಿಸಿಕೊ ಎಂದು ಹೇಳುವ ಮಾತು ಅದು. (ಒಂದು ಭಾಷೆಯ ಮೊದಲ ವಾಕ್ಯ ಇಷ್ಟು ಒಳ್ಳೆಯದಾಗಿರುವುದು ಅಪರೂಪ.) ನಾಣ್ಯದ ಮೇಲಿನ ಪದಗಳು ಅದಕ್ಕಿಂತಲೂ ಹಲವು ದಶಕ ಹಳೆಯವು. ಅಂದರೆ ಪೋಲಿಷ್ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಹೀಬ್ರೂ ಅಕ್ಷರಗಳಲ್ಲಿದೆ.

ಇಷ್ಟು ಹತ್ತಿರ ಇದ್ದ ಮೇಲೆ ಈ ಎರಡು ಭಾಷೆಗಳು ನೆಂಟರಿರಬೇಕು ಎನಿಸುತ್ತದೆ. ಇಲ್ಲ. ಒಂದೇ ಬೀದಿಯಲ್ಲಿ ಎಂಟು ನೂರು ವರ್ಷ ಬಾಳಿದರೂ ಅವು ಬೇರೆ ಬೇರೆ ಕುಟುಂಬದವು. ಪೋಲಿಷ್ ಇಂಡೋ-ಯುರೋಪಿಯನ್ ಕುಟುಂಬದ ಸ್ಲಾವಿಕ್ ಶಾಖೆಯದು, ರಷ್ಯನ್ ಮತ್ತು ಚೆಕ್ ಭಾಷೆಗಳ ಸಂಬಂಧಿ. ಹೀಬ್ರೂ ಸೆಮಿಟಿಕ್ ಭಾಷೆ, ಅರಬ್ಬಿಯ ಸೋದರಿ. ಇದನ್ನು ಪರೀಕ್ಷಿಸಲು ನಿಘಂಟು ಕೂಡ ಬೇಕಾಗಿಲ್ಲ. ನಮ್ಮ ಕನ್ನಡ ಪಠ್ಯಪುಸ್ತಕ ಮತ್ತು ನಮ್ಮ ಮನೆಯ ಉರ್ದು ಸಾಕು.

ಮೊದಲು ಪೋಲಿಷ್. ಅಲ್ಲಿ ಬೆಂಕಿಗೆ 'ಓಗ್ಯೆನ್', ಹೊಗೆಗೆ 'ದಿಮ್', ಹೊಸತಕ್ಕೆ 'ನೋವಿ', ಜೀವವಿರುವುದಕ್ಕೆ 'ಝಿವಿ', ಮಾಂಸಕ್ಕೆ 'ಮ್ಯೆಂಸೊ', ಸಹೋದರನಿಗೆ 'ಬ್ರಾತ್', ಎರಡಕ್ಕೆ 'ದ್ವಾ', ನೂರಕ್ಕೆ 'ಸ್ತೊ'. ಅಗ್ನಿ, ಧೂಮ, ನವ, ಜೀವ, ಮಾಂಸ, ಭ್ರಾತೃ, ದ್ವಿ, ಶತ ಎಂಬ ತತ್ಸಮ ಪದಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಇವು ಸಂಸ್ಕೃತದಿಂದ ಪೋಲೆಂಡಿಗೆ ಹೋದ ಪದಗಳಲ್ಲ, ಎರಡಕ್ಕೂ ಒಂದೇ ಅಜ್ಜಿ. ಕನ್ನಡದ ಸ್ವಂತ ಪದಗಳಾದ ಬೆಂಕಿ, ಹೊಗೆ, ಹೊಸ ಇವುಗಳಿಗೆ ಈ ಸಂಬಂಧ ಇಲ್ಲ, ಏಕೆಂದರೆ ಕನ್ನಡ ದ್ರಾವಿಡ ಭಾಷೆ. ಉರ್ದುವಿಗೆ ಇದೆ. ದೋ, ಆಗ್, ಧುಆಂ, ಭಾಯಿ, ಸೌ ಎಲ್ಲವೂ ಅದೇ ಮನೆತನ.

ಈಗ ಹೀಬ್ರೂ. ವರ್ಷಕ್ಕೆ 'ಶನಾ', ನಾಲಿಗೆ ಅಥವಾ ಭಾಷೆಗೆ 'ಲಶೋನ್', ತಲೆಗೆ 'ರೋಶ್', ಹೆಸರಿಗೆ 'ಶೇಮ್', ಶಾಂತಿಗೆ 'ಶಾಲೋಮ್'. ಉರ್ದು ಬಲ್ಲವರು ಇಲ್ಲಿ ಒಂದು ಸೂತ್ರ ಹಿಡಿಯಬಹುದು. ಹೀಬ್ರೂವಿನ ಶಕಾರ ಇರುವಲ್ಲಿ ಸಕಾರ ಹಾಕಿ: ಸನ್, ಲಿಸಾನ್, ರಾಸ್, ಇಸ್ಮ್, ಸಲಾಮ್. ಎಲ್ಲ ಕಡೆ ನಡೆಯುವ ಸೂತ್ರವಲ್ಲ, ಆದರೆ ತುಂಬಾ ಕಡೆ ನಡೆಯುತ್ತದೆ. ಮುಖ್ಯವಾಗಿ ನಮ್ಮ ಲೆಕ್ಕಶಾಸ್ತ್ರದಲ್ಲಿ ನಡೆಯುತ್ತದೆ! ಹೀಬ್ರೂವಿನಲ್ಲಿ ಲೆಕ್ಕಕ್ಕೆ 'ಖೆಶ್ಬೋನ್' ಎನ್ನುತ್ತಾರೆ. ಶ ತೆಗೆದು ಸ ಹಾಕಿದರೆ ನಮ್ಮ 'ಹಿಸಾಬ್' ಕಾಣುತ್ತದೆ. ಅದೇ ಮೂಲದಿಂದ ಅವರಿಗೆ 'ಖೆಶ್ಬೋನಿತ್' ಅಂದರೆ ಬಿಲ್ಲು, 'ಮಖ್ಶಾವಾ' ಅಂದರೆ ಆಲೋಚನೆ, 'ಮಖ್ಶೇವ್' ಅಂದರೆ ಕಂಪ್ಯೂಟರ್. ಲೆಕ್ಕಪರಿಶೋಧಕನಿಗೆ ಉರ್ದುವಿನಲ್ಲಿ ಮುಹಾಸಿಬ್ ಎನ್ನುತ್ತೇವೆ. ಹೀಬ್ರೂವಿನಲ್ಲಿ 'ರೋಏ ಖೆಶ್ಬೋನ್', ಲೆಕ್ಕ ನೋಡುವವನು.

ಇಲ್ಲಿಯೇ ಎರಡು ಭಾಷೆಗಳ ನಿಜವಾದ ವ್ಯತ್ಯಾಸ ಇದೆ. ಹೀಬ್ರೂ ಪದಗಳು ಹುಟ್ಟುವುದು ಮೂರು ವ್ಯಂಜನಗಳ ಬೇರಿನಿಂದ. ಬೇರು ಗಟ್ಟಿಯಾಗಿ ನಿಲ್ಲುತ್ತದೆ, ನಡುವಿನ ಸ್ವರಗಳು ಬದಲಾಗಿ ಹೊಸ ಅರ್ಥ ಬರುತ್ತದೆ. ಕ-ತ-ಬ ಬೇರಿನಿಂದ ನಮಗೆ ಕಿತಾಬ್, ಕುತುಬ್, ಕಾತಿಬ್, ಮಕ್ತಬ್, ಮಕ್ತೂಬ್. ಅವರಿಗೆ 'ಕತವ್' ಬರೆದನು, 'ಮಿಖ್ತವ್' ಪತ್ರ. ಶ-ಲ-ಮ ಬೇರಿನಿಂದ ಶಾಲೋಮ್ ಮಾತ್ರವಲ್ಲ, 'ಶಲೇಮ್' ಅಂದರೆ ಪೂರ್ಣ, 'ಲೆಶಲೇಮ್' ಅಂದರೆ ಹಣ ಪಾವತಿ ಮಾಡು, 'ತಶ್ಲೂಮ್' ಅಂದರೆ ಪಾವತಿ. ಸಾಲ ತೀರಿದರೆ ಲೆಕ್ಕ ಪೂರ್ಣ, ಲೆಕ್ಕ ಪೂರ್ಣವಾದರೆ ಶಾಂತಿ. ಅರಬ್ಬಿಯಲ್ಲಿಯೂ ಇದೇ ಬೇರಿನಿಂದ ಸಲಾಮ್, ಇಸ್ಲಾಮ್, ಮುಸ್ಲಿಮ್ ಬಂದಿವೆ, ಮತ್ತು ಪೂರ್ತಿ ಬೆಲೆ ಮೊದಲೇ ಕೊಟ್ಟು ಸರಕನ್ನು ಆಮೇಲೆ ಪಡೆಯುವ 'ಬೈಅ್ ಸಲಮ್' ಎಂಬ ವ್ಯಾಪಾರ ಒಪ್ಪಂದದ ಹೆಸರೂ ಬಂದಿದೆ.

ಪೋಲಿಷ್‌ನಲ್ಲಿ ಈ ಆಟ ಇಲ್ಲ. ಅದರ ಕೆಲಸವೆಲ್ಲ ಪದದ ಬಾಲದಲ್ಲಿ ನಡೆಯುತ್ತದೆ, ಕನ್ನಡದ ಹಾಗೆ. ಏಳು ವಿಭಕ್ತಿಗಳಿವೆ, ಸಂಬೋಧನೆಯೂ ಅದರಲ್ಲಿ ಸೇರಿದೆ. ರಾಜಧಾನಿಯ ಹೆಸರು 'ವರ್ಶಾವಾ'. ಅಲ್ಲಿಗೆ ಹೋಗುವುದಾದರೆ 'ದೊ ವರ್ಶಾವಿ', ಅಲ್ಲಿ ಇದ್ದರೆ 'ವ್ ವರ್ಶಾವ್ಯೆ', ಕರೆಯುವುದಾದರೆ 'ವರ್ಶಾವೊ'. ಹೀಬ್ರೂ ಅದೇ ಊರನ್ನು 'ವರ್ಶಾ' ಎನ್ನುತ್ತದೆ (ನಮಗೆ ಮಳೆಗಾಲ ನೆನಪಾಗುತ್ತದೆ). ಆ ಹೆಸರನ್ನು ಅದು ಮುಟ್ಟುವುದೇ ಇಲ್ಲ. ಮುಂದೆ ಒಂದು ಚಿಕ್ಕ ಅಕ್ಷರ ಅಂಟಿಸುತ್ತದೆ: 'ಬೆವರ್ಶಾ' ವಾರ್ಸಾದಲ್ಲಿ, 'ಲೆವರ್ಶಾ' ವಾರ್ಸಾಕ್ಕೆ, 'ಮಿವರ್ಶಾ' ವಾರ್ಸಾದಿಂದ. ಈ 'ಬೆ' ನಮಗೆ ಗುರುತಿಲ್ಲದ್ದಲ್ಲ. ಬಿಸ್ಮಿಲ್ಲಾ ಎಂಬುದರ ಮೊದಲ 'ಬಿ' ಅದೇ. 'ಹೆಸರಿನಲ್ಲಿ' ಎನ್ನಲು ಅರಬ್ಬಿಗೆ 'ಬಿಸ್ಮಿ', ಹೀಬ್ರೂವಿಗೆ 'ಬೆಶೇಮ್'.

ಪೋಲಿಷ್ ವ್ಯಾಕರಣ ಎಷ್ಟು ಕಷ್ಟ ಎಂದು ತಿಳಿಯಲು ಹಣ ಎಣಿಸಿದರೆ ಸಾಕು. ಅವರ ರೂಪಾಯಿಗೆ ನಮ್ಮ ಪತ್ರಿಕೆಗಳು ಜ್ಲೋಟಿ ಎಂದು ಬರೆಯುತ್ತವೆ. ಅವರು ಹೇಳುವುದು 'ಜ್ವೊತಿ', ಅಂದರೆ ಚಿನ್ನದ್ದು. ಒಂದಾದರೆ ಜ್ವೊತಿ. ಎರಡು, ಮೂರು, ನಾಲ್ಕು ಆದರೆ 'ಜ್ವೊತೆ'. ಐದರಿಂದ ಮುಂದೆ 'ಜ್ವೊತಿಖ್'. ಇಷ್ಟೇ ಎಂದುಕೊಂಡರೆ ಇಪ್ಪತ್ತೆರಡಕ್ಕೆ ಬಂದಾಗ ಮತ್ತೆ 'ಜ್ವೊತೆ', ಇಪ್ಪತ್ತೈದಕ್ಕೆ ಮತ್ತೆ 'ಜ್ವೊತಿಖ್'. ಅಲ್ಲಿನ ಕ್ಯಾಷಿಯರ್‌ಗೆ ಇದು ಬಾಯಿಗೆ ಬಂದಿರುತ್ತದೆ, ಹೊರಗಿನವರು ನೋಟು ಹಿಡಿದುಕೊಂಡು ಯೋಚಿಸಬೇಕು. ಹೀಬ್ರೂವಿನ ಹಣ ಶೆಕೆಲ್. ಅದರ ಬೇರಿಗೆ ತೂಗು ಎಂದು ಅರ್ಥ, ಹಿಂದೆ ಬೆಳ್ಳಿಯನ್ನು ತೂಗಿ ಕೊಡುತ್ತಿದ್ದರು. ಉರ್ದುವಿನ 'ಸಕೀಲ್' ಅಂದರೆ ಭಾರವಾದದ್ದು ಎಂಬ ಪದವೂ, ಸೂರಃ ಜಿಲ್ಜಾಲ್‌ನಲ್ಲಿ ಬರುವ 'ಮಿಸ್ಕಾಲ್' ಎಂಬ ತೂಕದ ಪದವೂ ಇದೇ ಬೇರಿನವು. ಒಬ್ಬರ ಹಣಕ್ಕೆ ಲೋಹದ ಹೆಸರು, ಇನ್ನೊಬ್ಬರದಕ್ಕೆ ತೂಕದ ಹೆಸರು. ಹಣದುಬ್ಬರ ಮಾತ್ರ ಇಬ್ಬರನ್ನೂ ಬಿಡಲಿಲ್ಲ. ಇಸ್ರೇಲ್ 1980ರ ದಶಕದ ನಡುವಿನಲ್ಲಿ ತನ್ನ ನೋಟಿನಿಂದ ಮೂರು ಸೊನ್ನೆ ತೆಗೆಯಿತು, ಪೋಲೆಂಡ್ 1995ರಲ್ಲಿ ನಾಲ್ಕು.

ಲಿಪಿಯ ವಿಷಯಕ್ಕೆ ಬರೋಣ. ಪೋಲಿಷ್ ರೋಮನ್ ಲಿಪಿಯಲ್ಲಿ 32 ಅಕ್ಷರಗಳನ್ನು ಇಟ್ಟುಕೊಂಡಿದೆ. ಕೆಲವಕ್ಕೆ ತಲೆಯ ಮೇಲೆ ಚುಕ್ಕೆ ಅಥವಾ ಗೀರು, ಎರಡಕ್ಕೆ ಕಾಲಿನಲ್ಲಿ ಬಾಲ, ಒಂದಕ್ಕೆ ಹೊಟ್ಟೆಗೆ ಅಡ್ಡಗೆರೆ. ಬಟ್ಟೆ ಗಿರಣಿಗಳಿಗೆ ಹೆಸರಾದ ಒಂದು ನಗರವನ್ನು ಇಂಗ್ಲಿಷ್ ನಕ್ಷೆಯಲ್ಲಿ ನೋಡಿದರೆ 'ಲಾಡ್ಜ್' ಎಂದು ಓದುತ್ತೇವೆ. ಅಡ್ಡಗೆರೆಯ ಲಕಾರ ವಕಾರವಾಗಿ, ಕೊನೆಯದು ಚಕಾರವಾಗಿ ಅದು 'ವೂಚ್' ಆಗುತ್ತದೆ, ದೋಣಿ ಎಂದು ಅರ್ಥ. ನಿಯಮ ಒಮ್ಮೆ ಕಲಿತರೆ ಮಾತ್ರ ಯಾವ ಪದವನ್ನೂ ಅರ್ಥ ಗೊತ್ತಿಲ್ಲದೆಯೇ ಓದಬಹುದು. ಕೊನೆಯಿಂದ ಎರಡನೆಯ ಉಚ್ಚಾರದ ಮೇಲೆ ಒತ್ತು ಕೊಟ್ಟರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಹೀಬ್ರೂ ಇದಕ್ಕೆ ತದ್ವಿರುದ್ಧ. 22 ಅಕ್ಷರ ಮಾತ್ರ, ಎಲ್ಲವೂ ವ್ಯಂಜನ. ಪದ ಗೊತ್ತಿದ್ದರೆ ಮಾತ್ರ ಓದಲು ಬರುತ್ತದೆ. ಸ-ಪ-ರ ಎಂಬ ಮೂರು ಅಕ್ಷರಗಳನ್ನು 'ಸೇಫೆರ್' ಎಂದರೆ ಪುಸ್ತಕ, 'ಸಪಾರ್' ಎಂದರೆ ಕ್ಷೌರಿಕ, 'ಸಫಾರ್' ಎಂದರೆ ಎಣಿಸಿದನು, 'ಸಿಪೇರ್' ಎಂದರೆ ಕಥೆ ಹೇಳಿದನು. ಉರ್ದು ಓದುವವರಿಗೆ ಇದು ಹೊಸದಲ್ಲ, 'ಇಸ್' ಮತ್ತು 'ಉಸ್' ಎರಡನ್ನೂ ನಾವು ಒಂದೇ ರೀತಿ ಬರೆದು ವಾಕ್ಯ ನೋಡಿ ಓದುತ್ತೇವೆ. ಕುರ್‌ಆನ್ ಮುದ್ರಣದಲ್ಲಿ ಜೇರ್, ಜಬರ್, ಪೇಶ್ ಇರುತ್ತವೆ, ಉರ್ದು ಪತ್ರಿಕೆಯಲ್ಲಿ ಇರುವುದಿಲ್ಲ. ಹೀಬ್ರೂವಿನಲ್ಲಿಯೂ ಧರ್ಮಗ್ರಂಥ, ಕವಿತೆ ಮತ್ತು ಮಕ್ಕಳ ಪುಸ್ತಕಗಳಿಗೆ ಸ್ವರಚಿಹ್ನೆ ಉಂಟು, ಪತ್ರಿಕೆಗೆ ಇಲ್ಲ.

ಅಂಗಡಿಯ ಬಿಲ್ಲಿನ ಮೇಲೆ, ಲಾರಿಯ ನೆತ್ತಿಯ ಮೇಲೆ 786 ಬರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಅದು ಅಬ್ಜದ್ ಲೆಕ್ಕ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಅಲಿಫ್ 1, ಬೇ 2, ಜೀಮ್ 3, ದಾಲ್ 4. ಹೀಬ್ರೂವಿನಲ್ಲಿ ಅಲೆಫ್ 1, ಬೇತ್ 2, ಗಿಮೆಲ್ 3, ದಾಲೆತ್ 4. ಇದೇ ಕ್ರಮದಲ್ಲಿ 400ರವರೆಗೆ ಇಪ್ಪತ್ತೆರಡು ಅಕ್ಷರಗಳೂ ಹೊಂದುತ್ತವೆ. 'ಖಾಯ್' ಅಂದರೆ ಜೀವಂತ ಎಂಬ ಪದದ ಮೊತ್ತ 18 ಆಗುವುದರಿಂದ ಯಹೂದಿಗಳು ಮದುವೆಗೆ ಉಡುಗೊರೆ ಹಣ ಕೊಡುವಾಗ 18, 36, 180 ಹೀಗೆ ಕೊಡುವುದುಂಟು. ನಮ್ಮಲ್ಲಿ ನೂರಕ್ಕೆ ಒಂದು ರೂಪಾಯಿ ಸೇರಿಸಿ 101 ಕೊಡುವ ಹಾಗೆ.

ಒಂದು ವಿಷಯದಲ್ಲಿ ಪೋಲಿಷ್, ಹೀಬ್ರೂ, ಉರ್ದು ಮೂರೂ ಒಂದು ಕಡೆ, ಕನ್ನಡ ಇನ್ನೊಂದು ಕಡೆ. 'ನಾನು ಓದುತ್ತೇನೆ' ಎಂದು ಕನ್ನಡದಲ್ಲಿ ಹುಡುಗನೂ ಹುಡುಗಿಯೂ ಒಂದೇ ರೀತಿ ಹೇಳುತ್ತಾರೆ. ಉರ್ದುವಿನಲ್ಲಿ ಪಢ್ತಾ, ಪಢ್ತೀ. ಹೀಬ್ರೂವಿನಲ್ಲಿ 'ಕೋರೆ', 'ಕೋರೆತ್'. ಪೋಲಿಷ್ ವರ್ತಮಾನ ಕಾಲದಲ್ಲಿ ಸುಮ್ಮನಿದ್ದು ಭೂತಕಾಲದಲ್ಲಿ ಬೇರೆ ಮಾಡುತ್ತದೆ: ಓದಿದೆ ಎನ್ನಲು ಹುಡುಗ 'ಚಿತಾವೆಮ್', ಹುಡುಗಿ 'ಚಿತಾವಾಮ್'. ಹೀಬ್ರೂವಿನ ಆ 'ಕೋರೆ' ಎಂಬ ಪದದ ಬೇರನ್ನು ಗಮನಿಸಿ. ಪ್ರವಾದಿಯವರಿಗೆ (ಸ) ಅವತೀರ್ಣವಾದ ಮೊದಲ ಪದ 'ಇಕ್ರಅ್'ದ ಬೇರು ಅದೇ. ಗೌರವದ ವಿಷಯದಲ್ಲಿ ಮಾತ್ರ ಪೋಲಿಷ್ ನಮಗೆ ಹತ್ತಿರ. ಹಿರಿಯರಿಗೆ ನೀನು ಎನ್ನದೆ 'ಪಾನ್', 'ಪಾನಿ' ಅಂದರೆ ಯಜಮಾನರು, ಅಮ್ಮನವರು ಎಂದು ಮಾತನಾಡಿಸುತ್ತಾರೆ. ಇಂದಿನ ಹೀಬ್ರೂ ಪ್ರಾಂಶುಪಾಲರಿಗೂ ನೀನು ಎನ್ನುತ್ತದೆ. ನನಗೆ ಅಷ್ಟು ಧೈರ್ಯವಿಲ್ಲ.

ವ್ಯಾಕರಣಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವುಗಳ ಇತಿಹಾಸ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ 1772, 1793 ಮತ್ತು 1795ರಲ್ಲಿ ಪೋಲೆಂಡನ್ನು ಮೂರು ಸಲ ಕತ್ತರಿಸಿ ಪೂರ್ತಿ ಹಂಚಿಕೊಂಡವು. 1918ರವರೆಗೆ, 123 ವರ್ಷ, ನಕ್ಷೆಯಲ್ಲಿ ಆ ದೇಶವೇ ಇರಲಿಲ್ಲ. ಮೇರಿ ಕ್ಯೂರಿ 1898ರಲ್ಲಿ ಹೊಸ ಧಾತುವಿಗೆ ಪೊಲೋನಿಯಂ ಎಂದು ಹೆಸರಿಟ್ಟಾಗ ಅವರು ಇಲ್ಲದ ದೇಶದ ಹೆಸರಿಟ್ಟರು. 1901ರಲ್ಲಿ ಪ್ರಷ್ಯಾದ ಕೈಯಲ್ಲಿದ್ದ ವ್ಝೆಶ್ನ್ಯಾ ಎಂಬ ಊರಿನಲ್ಲಿ ಶಾಲಾ ಮಕ್ಕಳು ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಹೇಳಲು ಒಪ್ಪಲಿಲ್ಲ. ಅವರಿಗೆ ಏಟು ಬಿತ್ತು, ಪ್ರತಿಭಟಿಸಿದ ಪೋಷಕರ ಮೇಲೆ ಮೊಕದ್ದಮೆ ನಡೆಯಿತು. ಪ್ರಾರ್ಥನೆ ಯಾವ ಭಾಷೆಯಲ್ಲಿ ಎಂಬುದಕ್ಕಾಗಿ ಏಟು ತಿಂದ ಆ ಮಕ್ಕಳು ನಮಗಿಂತ ಚಿಕ್ಕವರು.

ಪೋಲಿಷ್‌ಗೆ ದೇಶ ಇರಲಿಲ್ಲ, ಬಾಯಿ ಇತ್ತು. ಹೀಬ್ರೂವಿಗೆ ಬಾಯಿಯೇ ಇರಲಿಲ್ಲ. ಸುಮಾರು 1700 ವರ್ಷ ಅದು ಯಾವ ಮಗುವಿನ ಮನೆಮಾತೂ ಆಗಿರಲಿಲ್ಲ. ಆದರೆ ಓದುವವರು ಎಂದೂ ನಿಲ್ಲಿಸಲಿಲ್ಲ. ಪ್ರಾರ್ಥನೆ, ಕಾನೂನು, ಕವಿತೆ ಎಲ್ಲ ಅದರಲ್ಲಿ ಬರೆದರು, ಬೇರೆ ಬೇರೆ ದೇಶದ ವ್ಯಾಪಾರಿಗಳು ಅದರಲ್ಲಿ ಪತ್ರ ವ್ಯವಹಾರ ನಡೆಸಿದರು. 1858ರಲ್ಲಿ ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿದ ಎಲಿಯೇಜರ್ ಬೆನ್ ಯೆಹೂದಾ 1881ರಲ್ಲಿ ಜೆರುಸಲೇಮಿಗೆ ಹೋಗಿ, ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಕೂಡದು ಎಂದರು. 1882ರಲ್ಲಿ ಹುಟ್ಟಿದ ಅವರ ಮಗ ಆ ಮನೆಯಲ್ಲಿ ಬೇರೆ ಭಾಷೆ ಕೇಳದೆ ಬೆಳೆದ. ಎಲ್ಲ ಕೀರ್ತಿ ಒಬ್ಬರಿಗೇ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅದನ್ನು ತರಗತಿಯಲ್ಲಿ ಮಾತನಾಡಿಸಿದ ಶಿಕ್ಷಕರು, ಮನೆಗೆ ಒಯ್ದ ಮಕ್ಕಳು ಇಲ್ಲದಿದ್ದರೆ ಅದು ಒಂದು ಮನೆಯ ಹಟವಾಗಿ ಮುಗಿಯುತ್ತಿತ್ತು. 1922ರಲ್ಲಿ ಬ್ರಿಟಿಷ್ ಆಡಳಿತ ಪ್ಯಾಲೆಸ್ಟೈನಿನಲ್ಲಿ ಇಂಗ್ಲಿಷ್, ಅರಬ್ಬಿಗಳ ಜೊತೆ ಹೀಬ್ರೂವನ್ನೂ ಅಧಿಕೃತ ಭಾಷೆ ಮಾಡಿತು. ಬೆನ್ ಯೆಹೂದಾ ತೀರಿಕೊಂಡದ್ದು ಅದೇ ವರ್ಷ.

ಇದನ್ನು ಓದುವಾಗ ನಮ್ಮ ಮನೆಗಳ ಉರ್ದು ನೆನಪಾಯಿತು. ನಮ್ಮಲ್ಲಿ ಆಗುತ್ತಿರುವುದು ಅದರ ಉಲ್ಟಾ. ಹೀಬ್ರೂ ಓದಿನಲ್ಲಿ ಉಳಿದು ಬಾಯಿಯಿಂದ ಹೋಗಿತ್ತು. ಉರ್ದು ಬಾಯಿಯಲ್ಲಿ ಇದೆ, ಓದಿನಿಂದ ಹೋಗುತ್ತಿದೆ. ಗೆಳೆಯರು ವಾಟ್ಸಾಪಿನಲ್ಲಿ ಉರ್ದುವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇವೆ. ನಮ್ಮ ದಾದಾ ಬರೆದಿಟ್ಟ ಅಂಗಡಿ ಖಾತೆ ಪುಸ್ತಕದಲ್ಲಿ ಯಾರಿಗೆ ಎಷ್ಟು ಉದ್ದರಿ ಎಂದು ಅಬ್ಬಾ ಒಂದೇ ನೋಟಕ್ಕೆ ಓದುತ್ತಾರೆ, ನನಗೆ ಒಂದು ಪುಟಕ್ಕೆ ಅರ್ಧ ಗಂಟೆ ಬೇಕು, ನನ್ನ ತಮ್ಮನಿಗೆ ಬರುವುದೇ ಇಲ್ಲ. ಮೂರು ತಲೆಮಾರು, ಒಂದೇ ಪುಸ್ತಕ.

ಈಗ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಹೀಬ್ರೂ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಗಾಜಾ ನೆನಪಾಗುತ್ತದೆ. ನನಗೂ ಆಗುತ್ತದೆ. ಆದರೆ ಭಾಷೆಯನ್ನು ಸರ್ಕಾರಕ್ಕೆ ಬರೆದುಕೊಡುವುದು ಏಕೆ? ಮೂರು ವ್ಯಂಜನಗಳ ಬೇರಿನ ನಿಯಮವನ್ನು ಹೀಬ್ರೂ ವ್ಯಾಕರಣಕ್ಕೆ ಸರಿಯಾಗಿ ಅನ್ವಯಿಸಿದವರು ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಮುಸ್ಲಿಮ್ ಆಡಳಿತದ ಕೊರ್ಡೋವಾದಲ್ಲಿದ್ದ ಯಹೂದಾ ಹಯ್ಯೂಜ್. ಅವರು ಅದನ್ನು ಅರಬ್ ವ್ಯಾಕರಣಕಾರರಿಂದ ಕಲಿತರು, ತಮ್ಮ ಪುಸ್ತಕಗಳನ್ನು ಬರೆದದ್ದೂ ಅರಬ್ಬಿಯಲ್ಲಿ. ಹೊಸ ಹೀಬ್ರೂ ಕಟ್ಟುವಾಗಲೂ ಪದ ಸಾಲದೆ ಬಂದಲ್ಲಿ ಅರಬ್ಬಿಯಿಂದ ತಂದರು. ಸಭ್ಯನಿಗೆ 'ಅದೀವ್', ನಮ್ಮ ಅದೀಬ್. ಜಾಮಿಗೆ 'ರಿಬಾ', ನಮ್ಮ ಮುರಬ್ಬಾ. ಕಾಲುಚೀಲಕ್ಕೆ 'ಗೆರೆವ್', ಉರ್ದು ಪುಸ್ತಕಗಳ ಜುರಾಬ್ (ಮನೆಯಲ್ಲಿ ನಾವು ಮೋಜಾ ಎನ್ನುತ್ತೇವೆ). ಪ್ಯಾಲೆಸ್ಟೈನಿ ಲೇಖಕ ಆಂಟನ್ ಶಮ್ಮಾಸ್ 1986ರಲ್ಲಿ ಕಾದಂಬರಿಯನ್ನೇ ಹೀಬ್ರೂವಿನಲ್ಲಿ ಬರೆದರು. ಹೀಗಿರುವಾಗ 2018ರ ಕಾನೂನಿನಲ್ಲಿ ಇಸ್ರೇಲ್ ಹೀಬ್ರೂವನ್ನು ಮಾತ್ರ ರಾಜ್ಯಭಾಷೆ ಎಂದು ಉಳಿಸಿಕೊಂಡು ಅರಬ್ಬಿಯನ್ನು ಅಧಿಕೃತ ಸ್ಥಾನದಿಂದ ಇಳಿಸಿದ್ದು ಸಾಲಗಾರನೇ ಸಾಲ ಕೊಟ್ಟವನನ್ನು ಅಂಗಡಿಯಿಂದ ಹೊರಗೆ ಕಳುಹಿಸಿದ ಹಾಗೆ ನನಗೆ ಕಾಣುತ್ತದೆ. ತಪ್ಪು ಕಾನೂನಿನದು, ಕ್ರಿಯಾಪದದ್ದಲ್ಲ.

ಪೋಲಿಷ್ ಮತ್ತು ಹೀಬ್ರೂ ನಡುವೆ ಒಂದು ಸೇತುವೆ ಇತ್ತು, ಯಿಡ್ಡಿಷ್. ಪೋಲೆಂಡಿನ ಯಹೂದಿಗಳಲ್ಲಿ ಹೆಚ್ಚಿನವರ ಮನೆಮಾತು ಅದೇ. ಅದರ ವ್ಯಾಕರಣ ಜರ್ಮನ್ ಮೂಲದ್ದು, ಲಿಪಿ ಹೀಬ್ರೂ, ಧರ್ಮದ ಪದಗಳು ಹೀಬ್ರೂವಿನವು, ನಿತ್ಯದ ಎಷ್ಟೋ ಪದಗಳು ಪೋಲಿಷ್‌ನವು. ನಮ್ಮ ದಖ್ಖನಿ ಉರ್ದುವೂ ಇದೇ ಜಾತಿಯದು, ಲಿಪಿ ದೂರದಿಂದ ಬಂದದ್ದು, 'ನಕ್ಕೋ' ಪಕ್ಕದ ಮರಾಠಿಯಿಂದ ಬಂದದ್ದು. ಯಿಡ್ಡಿಷ್ ಮೂಲಕ ಹೀಬ್ರೂವಿನ 'ಬಾಖುರ್' ಅಂದರೆ ಯುವಕ ಎಂಬ ಪದ ಪೋಲಿಷ್‌ಗೆ ಹೋಗಿ 'ಬಾಖೋರ್' ಅಂದರೆ ತಂಟೆಕೋರ ಹುಡುಗ ಎಂದಾಯಿತು. ಪೋಲೆಂಡಿಗೆ ಹೀಬ್ರೂ ಹೆಸರು 'ಪೋಲಿನ್'. ಅದನ್ನು 'ಪೋ ಲಿನ್' ಎಂದು ಒಡೆದರೆ ಇಲ್ಲಿ ತಂಗು ಎಂದು ಅರ್ಥ ಬರುತ್ತದೆ, ತಮ್ಮ ಹಿರಿಯರು ಅಲ್ಲಿ ನೆಲೆಸಿದ ಕಥೆಯನ್ನು ಯಹೂದಿಗಳು ಹೀಗೆ ಹೇಳುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ಮೊದಲು ಅಲ್ಲಿ ಸುಮಾರು 33 ಲಕ್ಷ ಯಹೂದಿಗಳಿದ್ದರು. ನಾಜಿಗಳು ಅವರಲ್ಲಿ ಸುಮಾರು 30 ಲಕ್ಷ ಜನರನ್ನು ಕೊಂದರು. ಸೇತುವೆಯ ಮೇಲೆ ನಡೆಯುವವರೇ ಇಲ್ಲವಾದರು.

ಪೋಲಿಷ್ ಬಲದಿಂದ ಎಡಕ್ಕೆ ಬರೆಯಲ್ಪಟ್ಟದ್ದು ಆ ನಾಣ್ಯದ ಮೇಲೆ ಮಾತ್ರವಲ್ಲ. 14ನೇ ಶತಮಾನದ ಕೊನೆಯಿಂದ ಆ ಸೀಮೆಯಲ್ಲಿ ತಾತಾರ್ ಮುಸ್ಲಿಮರು ನೆಲೆಸಿದ್ದಾರೆ. 1679ರಲ್ಲಿ ರಾಜ ಮೂರನೆಯ ಯಾನ್ ಸೊಬ್ಯೆಸ್ಕಿ ಅವರ ಸೈನಿಕರಿಗೆ ಜಮೀನು ಕೊಟ್ಟ ಬೊಹೊನಿಕಿ ಮತ್ತು ಕ್ರುಶಿನ್ಯಾನಿ ಎಂಬ ಹಳ್ಳಿಗಳಲ್ಲಿ ಇಂದಿಗೂ ಮರದ ಮಸೀದಿಗಳಿವೆ. ಅವರು ತಾತಾರ್ ಮಾತನ್ನು ಮರೆತು ಪೋಲಿಷ್ ಮತ್ತು ಬೆಲರೂಸಿಯನ್ ಆಡತೊಡಗಿದರು, ಲಿಪಿಯನ್ನು ಬಿಡಲಿಲ್ಲ. ಕುರ್‌ಆನಿನ ಅರ್ಥ ವಿವರಣೆಯನ್ನೂ ನಮಾಜಿನ ವಿಧಿಗಳನ್ನೂ ಪೋಲಿಷ್ ಮಾತಿನಲ್ಲಿ, ಅರಬ್ಬಿ ಅಕ್ಷರಗಳಲ್ಲಿ ಕೈಬರಹದ ಪುಸ್ತಕಗಳಾಗಿ ಬರೆದಿಟ್ಟರು. ಅಂಥ ಪುಸ್ತಕಕ್ಕೆ ಅವರು ಇಟ್ಟ ಹೆಸರು 'ಕಿತಾಬ್'. ಅರಬ್ಬಿಯಲ್ಲಿ ಇಲ್ಲದ ಪಕಾರ, ಚಕಾರಗಳಿಗೆ ಅವರು ಬಳಸಿದ್ದು ಮೂರು ಚುಕ್ಕೆಯ ಪೇ, ಚೇ ಅಕ್ಷರಗಳನ್ನು. ನಮ್ಮ ಉರ್ದು ಕಾಯಿದೆಯಲ್ಲಿ ಇರುವುದೂ ಅವೇ. ಆ ಪುಟವನ್ನು ಉರ್ದು ಕಲಿತವರ ಮುಂದೆ ಇಟ್ಟರೆ ತಡವರಿಸಿಕೊಂಡಾದರೂ ಗಟ್ಟಿಯಾಗಿ ಓದಬಹುದು, ಅರ್ಥ ತಿಳಿಯುವುದಿಲ್ಲ. ವಾರ್ಸಾದ ವಿದ್ಯಾರ್ಥಿಯ ಮುಂದೆ ಇಟ್ಟರೆ ಒಂದಕ್ಷರ ಓದಲಾರ, ಯಾರಾದರೂ ಓದಿ ಹೇಳಿದರೆ ಬಹಳಷ್ಟು ತಿಳಿಯುತ್ತದೆ.